ಕೊನೇ ಮನೆಯ ವೋಲ್ಟೇಜು

ಮಾದೇಶನ ಸಂಸಾರಕ್ಕೆ ತೊಡಕು ತಂದದ್ದು ಒಂದು ಮಿಕ್ಸಿ. ಮದುವೆಗೆ ಉಡುಗೊರೆಯಾಗಿ ಬಂದ ಆ ಮಿಕ್ಸಿ ಸಂಜೆಯಾದರೆ ತಿರುಗುತ್ತಿರಲಿಲ್ಲ, ನರಳುತ್ತಿತ್ತು. ಗೀಸರಿನ ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಸ್ನಾನದ ಆಸೆಯೇ ಹೋಗಿರುತ್ತಿತ್ತು. ಆಷಾಢಕ್ಕೆಂದು ಸಾಲಿಗ್ರಾಮದ ತವರಿಗೆ ಹೋದ ಹೊಸ ಹೆಂಡತಿ ಮಧುಶ್ರೀ ಶ್ರಾವಣ ಬಂದರೂ ವಾಪಸು ಬರಲಿಲ್ಲ. "ಒಂದು ಚಟ್ನಿ ರುಬ್ಬಕಾಗ್ದಿರೋ ಮನೆಗೆ ನಾನು ಬರಕಿಲ್ಲ" ಎಂದು ಫೋನಿನಲ್ಲಿ ಹೇಳಿಬಿಟ್ಟಳು. ಇವತ್ತು ಸಂಜೆ ಐದಕ್ಕೆ ಮಾವ ದೊಡ್ಡಮಾದಯ್ಯನವರೇ ಬಂದು ಕಣ್ಣಾರೆ ನೋಡಿ, ಮಗಳನ್ನು ಕಳಿಸುವುದೋ ಬೇಡವೋ ತೀರ್ಮಾನ ಮಾಡುವವರಿದ್ದರು.

ಬೇರೆಯವರಿಗಾದರೆ ಇದು ಬರೀ ತಾಪತ್ರಯ. ಮಾದೇಶನಿಗೆ ಮಾನದ ಪ್ರಶ್ನೆ. ಐಟಿಐ ಓದಿ ಹಂಪಾಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು ಅವನು. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳನ್ನೆಲ್ಲ ತಿರುಗಿಸುವವನ ಮನೆಯಲ್ಲಿ ಮಿಕ್ಸಿ ತಿರುಗದಿದ್ದರೆ ಜನ ಏನೆಂದಾರು?

ಬೆಳಿಗ್ಗೆ ಎದ್ದವನೇ ಬಚ್ಚಲುಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಲೆಕ್ಕ ಬರೆದ. ಅವನ ತಾಯಿ ಕೆಂಪಾಜಮ್ಮ ಹಂಡೆಯ ಒಲೆಗೆ ಸೌದೆ ತುರುಕುತ್ತ ನೋಡುತ್ತಿದ್ದಳು. ಗೀಸರು ಬಂದ ಮೇಲೂ ಆಕೆ ಹಂಡೆಯನ್ನು ಬಿಟ್ಟಿರಲಿಲ್ಲ.

"ನೋಡವ್ವ, ಟ್ರಾನ್ಸ್‌ಫಾರ್ಮರ್ ತಾವ ಇನ್ನೂರ ಮೂವತ್ತು ವೋಲ್ಟ್ ಅದೆ. ನಮ್ದು ಕೊನೇ ಮನೆ. ಇಲ್ಲೀಗಂಟ ಬರೋ ವೈರು ಹಳೇದು, ಎರಡು ಓಮ್ ರೆಸಿಸ್ಟೆನ್ಸು. ಸಂಜೆ ಬೀದಿಯೋರೆಲ್ಲ ಸೇರಿ ಮೂವತ್ತೈದು ಆಂಪಿಯರ್ ಕರೆಂಟು ಎಳೀತಾರೆ. ಮೂವತ್ತೈದೆರಡ್ಲಿ ಎಪ್ಪತ್ತು. ಆ ಎಪ್ಪತ್ತು ವೋಲ್ಟು ದಾರೀಲೇ ಹೋಯ್ತದೆ. ನಮ್ಗೆ ಉಳಿಯೋದು ನೂರ ಅರವತ್ತು. ಅಷ್ಟ್ರಲ್ಲಿ ಎರಡು ಸಾವಿರ ವಾಟಿನ ಗೀಸರು ಸಾವಿರಾನೂ ಕೊಡಕಿಲ್ಲ."

"ಅಂಗಾರೆ ನಮ್ ಪಾಲ್ನ ಬೀದಿಯೋರು ತಿಂತಾವ್ರೆ ಅನ್ನು."

"ಊಂ. ಅವ್ರು ಒಂದು ಗಂಟೆ ಸುಮ್ನಿದ್ರೆ ಸಾಕು. ನಮ್ಮ ಗೀಸರು, ಮಿಕ್ಸಿ ಎರಡೂ ಹಾಕಿದ್ರೂ ಹನ್ನೆರಡೇ ಆಂಪಿಯರು. ಇನ್ನೂರರ ಮೇಲೆ ವೋಲ್ಟೇಜ್ ನಿಲ್ತದೆ."

ಲೆಕ್ಕ ಸರಿಯಾಗಿಯೇ ಇತ್ತು. ಮಾದೇಶ ಮನೆಮನೆಗೂ ಹೋಗಿ ಐದರಿಂದ ಆರರವರೆಗೆ ಮೇನ್ ಸ್ವಿಚ್ ಆಫ್ ಮಾಡಿರೆಂದು ಕೈಮುಗಿದ. ಎದುರು ಮನೆಯ ಸುನಂದಮ್ಮ ಧಾರಾವಾಹಿ ತಪ್ಪುತ್ತದೆಂದು ಗೊಣಗಿ ಒಪ್ಪಿದಳು. ಪಕ್ಕದ ಮನೆಯ ಕಂಠಪ್ಪ ಮನೆಯಲ್ಲೇ ಇಡ್ಲಿ ಹೋಟೆಲು ನಡೆಸುವವನು. ಐದಕ್ಕೆ ಅವನ ದೊಡ್ಡ ಗ್ರೈಂಡರು ಶುರುವಾದರೆ ಇಡೀ ಬೀದಿಯ ಬಲ್ಬುಗಳು ಕಣ್ಣು ಮುಚ್ಚುತ್ತಿದ್ದವು.

"ನಿನ್ ಎಂಡ್ತಿ ವಿಚಾರ ಅಂದ್ಮೇಲೆ ಇಡ್ಲಿ ಇಟ್ಟು ತಡವಾದ್ರೆ ಆಗ್ಲಿ ಬುಡ್ಲಾ" ಎಂದ ಕಂಠಪ್ಪ. ಮಾದೇಶನಿಗೆ ಕಣ್ಣಲ್ಲಿ ನೀರೇ ಬಂತು.

ಐದಕ್ಕೆ ಸರಿಯಾಗಿ ಬೀದಿ ಆಫ್ ಆಯಿತು, ಮಾವನ ಕಾರೂ ಬಂತು. ಮಾದೇಶನ ವೋಲ್ಟ್ ಮೀಟರು ಇನ್ನೂರ ಆರು ತೋರಿಸಿತು. ಮಿಕ್ಸಿ ಗುಂಯ್ ಎಂದು ಕಾಯಿಚಟ್ನಿಯನ್ನು ಬೆಣ್ಣೆ ಮಾಡಿತು. ಗೀಸರಿನ ನೀರಿಗೆ ಕೈಯಿಟ್ಟ ಮಾವ ಚುರುಕ್ಕೆಂದು ಹಿಂದಕ್ಕೆ ತೆಗೆದರು. ಮಾದೇಶ ಇಷ್ಟೊಂದು ಸಂತೋಷವನ್ನು ಮದುವೆಯ ದಿನವೂ ಪಟ್ಟಿರಲಿಲ್ಲ.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದೇ. ಟೀವಿ ಫ್ಯಾನು ಆರಿಸಿ ಕೂತ ಜನ ಒಂದು ಗಂಟೆ ಮಾಡುವುದೇನು? ಒಬ್ಬೊಬ್ಬರಾಗಿ ಬಂದು ಮಾದೇಶನ ಜಗಲಿಯ ಮೇಲೆ ಕೂತರು.

"ಏನಪ್ಪ ಇಷ್ಟು ಜನ?" ಎಂದರು ಮಾವ.

"ನಮ್ಮನೇಲಿ ಟೀವಿ ಓಡ್ತಿಲ್ವಲ್ಲ, ಅದ್ಕೇ ಬಂದೋ" ಎಂದಳು ಸುನಂದಮ್ಮ.

"ನಮ್ಮ ಗ್ರೈಂಡರೂ ನಿಂತದೆ ಯಜಮಾನ್ರೇ" ಎಂದ ಕಂಠಪ್ಪ.

ಗುಟ್ಟು ರಟ್ಟಾಗುವ ಮೊದಲೇ ಮಾದೇಶ ಬಾಯಿ ಹಾಕಿದ. "ಪಾಪ, ಅವ್ರಿಗೆ ವೋಲ್ಟೇಜ್ ಸಾಲ್ದು ಮಾವ. ಈ ಲೈನಲ್ಲಿ ಎಲ್ಲಾರ್ದೂ ಅದೇ ಗೋಳು. ನಮ್ಮನೆ ವೈರಿಂಗ್ ನಾನೇ ಮಾಡ್ಕೊಂಡಿದ್ದಲ್ವಾ, ನಮ್ಗೆ ತೊಂದ್ರೆ ಇಲ್ಲ."

ಮಾವ ಅಳಿಯನನ್ನು ಮೆಚ್ಚಿಗೆಯಿಂದ ನೋಡಿದರು. ಆಮೇಲೆ ಡ್ರೈವರನ್ನು ಕರೆದು ಡಿಕ್ಕಿಯಿಂದ ಒಂದು ಭಾರದ ಪೆಟ್ಟಿಗೆ ಇಳಿಸಿದರು. ಒಳಗೆ ಹೊಚ್ಚ ಹೊಸ ಸ್ಟೆಬಿಲೈಜರು, ಮನೆಗೆಲ್ಲ ಸಾಕಾಗುವಂಥದು. ಮೇಲೆ ಅರಿಶಿನ ಕುಂಕುಮದ ಬೊಟ್ಟು.

"ಮಗಳ ಮಾತು ಕೇಳಿ ನಿಮ್ಗೇಂತ ತಂದಿದ್ದೆ, ಅಳಿಯಂದ್ರೇ. ನಿಮ್ಗೆ ಬ್ಯಾಡ್ವಲ್ಲ. ಈವಯ್ಯ ಗ್ರೈಂಡರ್ ನಿಂತೋಗಿ ಕುಂತವ್ನೆ, ಇವನಿಗೆ ಕೊಡಾಣ. ಏನಂತೀರಾ?"

ಮಾದೇಶ ಒಪ್ಪಿ ತಲೆಯಾಡಿಸಿದ. ಕಂಠಪ್ಪ ಎರಡು ಸಲ ಬೇಡವೆಂದು, ಮೂರನೆಯ ಸಲ ಹೇಳಿಸಿಕೊಳ್ಳದೆ ಪೆಟ್ಟಿಗೆ ಹೊತ್ತುಕೊಂಡು ಹೋದ.

"ಮಧು ನನ್ ಜೊತೇಲೇ ಬಂದವ್ಳೆ, ಇಲ್ಲೇ ಪಕ್ಕದೂರು ಕೋಟೇಲಿ ನನ್ ತಂಗಿ ಮನೇಲವ್ಳೆ. ನಾನು ರಾತ್ರಿ ಅಲ್ಲೇ ಉಳ್ಕತೀನಿ, ಅವಳ್ನ ಇದೇ ಗಾಡೀಲಿ ಕಳಿಸ್ತೀನಿ" ಎಂದು ಮಾವ ಹೊರಟರು.

ಏಳು ಗಂಟೆಗೆ ಮಧುಶ್ರೀ ಬಂದಳು. ಡ್ರೈವರಿಗೆ ಕಾಫಿ ಕೊಟ್ಟು, ಬ್ಯಾಗು ಬಿಚ್ಚುವ ಮೊದಲೇ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಮಿಕ್ಸಿ ನರಳಿತು. ಬಲ್ಬು ಒಲೆಯ ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು. ಮೀಟರು ನೂರ ನಲವತ್ತಕ್ಕೆ ಇಳಿದಿತ್ತು, ಎಂದಿಗಿಂತ ಕಡಿಮೆ.

"ಅಪ್ಪ ಎಲ್ಲಾ ಚೆನ್ನಾಗೈತೆ ಅಂದ್ರಲ್ರೀ?"

ಮಾದೇಶನ ಬಾಯಿ ತಾನಾಗಿಯೇ ಲೆಕ್ಕ ಹೇಳಿತು. "ಕಂಠಪ್ಪಣ್ಣನ ಗ್ರೈಂಡರಿಗೆ ಯಾವಾಗ್ಲೂ ಅಷ್ಟೇ ವಾಟು ಬೇಕು. ವೋಲ್ಟು ಕಮ್ಮಿ ಬಂದ್ರೆ ಸ್ಟೆಬಿಲೈಜರು ಆಂಪಿಯರು ಜಾಸ್ತಿ ಎಳ್ಕೊಂಡು ಸರಿ ಮಾಡ್ಕೋತದೆ. ಅದು ಎಳ್ದಷ್ಟೂ ಕೊನೇ ಮನೆಗೆ ವೋಲ್ಟೇಜ್ ಬೀಳ್ತದೆ."

ಮಧುಶ್ರೀ ಚಟ್ನಿಯ ಜಾರ್ ಎತ್ತಿಕೊಂಡು ಕಂಠಪ್ಪನ ಮನೆಗೆ ರುಬ್ಬಿಸಲು ಹೋದಳು. ಹೋದಷ್ಟೇ ಬೇಗ ತಿರುಗಿ ಬಂದಳು.

"ನಾನೇ ಅಂಗಡೀಲಿ ಆರ್ಸಿ, ನನ್ ಕೈಯಾರೆ ಕುಂಕುಮ ಇಟ್ಟ ಸ್ಟೆಬಿಲೈಜರು ಅವ್ರ ಮನೆ ಗೋಡೆ ಮೇಲೆ ಯಾಕೈತೆ?"

ಮಾದೇಶ ಬಚ್ಚಲ ಗೋಡೆಯ ಕಡೆ ನೋಡಿದ. ಅಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ಮಧುಶ್ರೀ ಇನ್ನೂ ಬಿಚ್ಚದ ಬ್ಯಾಗನ್ನು ಹೆಗಲಿಗೆ ಹಾಕಿದಳು.

"ಡ್ರೈವರಣ್ಣ, ಗಾಡಿ ತಿರುಗ್ಸಿ."

"ಹಂಡೇಲಿ ಬಿಸ್ನೀರು ಕಾದದೆ, ಮಿಂದಾದ್ರೂ ಹೋಗವ್ವ" ಎಂದಳು ಕೆಂಪಾಜಮ್ಮ ಒಳಗಿನಿಂದ. ಯಾರಿಗೂ ಕೇಳಿಸಲಿಲ್ಲ, ಪಕ್ಕದಲ್ಲಿ ಗ್ರೈಂಡರು ಅಷ್ಟು ಜೋರಾಗಿ ತಿರುಗುತ್ತಿತ್ತು. ಕಾರು ಬೀದಿಯ ಕೊನೆಯವರೆಗೂ ಬೆಳಕು ಚೆಲ್ಲುತ್ತ ಹೋಯಿತು. ಅದರ ಬ್ಯಾಟರಿಯದು ಬರೀ ಹನ್ನೆರಡು ವೋಲ್ಟು.