ಸೈಕಲ್ಲಿಲ್ಲದ ಮನೆಯ ಸೈಕಲ್ ಸೀಟು

ನಿಮ್ಮಜ್ಜ ಯಮನಿಗೂ ಹೆದರಿದವರಲ್ಲ. ಆದರೆ ಮುಂಬಯಿಯ ಸೈಕಲ್ ಕಳ್ಳರಿಗೆ ಹೆದರಿ, ಮದುವೆಯ ಪಂಕ್ತಿಯಲ್ಲಿ ತೊಡೆಯ ಮೇಲೆ ಸೈಕಲ್ಲಿನ ಸೀಟು ಇಟ್ಟುಕೊಂಡು ಹೋಳಿಗೆ ತಿಂದವರು! ನಗಬೇಡಿ. ಎದುರಿನ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತಿದ್ದವಳು ನಾನು.

ಮದುವೆಯಾಗಿ ಧಾರವಾಡದ ಕಡೆಯ ಹಳ್ಳಿಯಿಂದ ಮುಂಬಯಿಯ ಬೈಕುಲ್ಲಾದ ಚಾಳಿನ ಒಂದು ಕೋಣೆಗೆ ಆಗಷ್ಟೇ ಬಂದಿದ್ದೆ. ಅವರ ಮೊದಲ ಸೈಕಲ್ಲು ಸ್ಟೇಶನ್ನಿನ ಮುಂದೆ ಹಾಡುಹಗಲೇ ಕಳುವಾಗಿತ್ತಂತೆ. ಈ ಎರಡನೆಯದೂ ಹೋದರೆ ಬಟ್ಟೆ ಗಿರಣಿಯ ಕೆಲಸಕ್ಕೆ ದಿನವೂ ನಡೆದೇ ಹೋಗಬೇಕು. ಅದಕ್ಕೇ ಎರಡು ಬೀಗ, ಒಂದು ಸರಪಳಿ, ಸಾಲದ್ದಕ್ಕೆ ಸೀಟು ಬಿಚ್ಚಿ ಕಂಕುಳಲ್ಲಿ!

"ಮಂದಿ ಏನ ಅಂತಾರ್ರೀ?" ಎಂದೆ.

"ಸೀಟ ಇಲ್ಲದ ಸೈಕಲ್ ಕದ್ದರ ಕಳ್ಳ ಎಲ್ಲಿ ಕುಂಡ್ರತಾನ? ಹೇಳ ನೋಡೋಣು!"

ಕಳ್ಳರು ಎಲ್ಲಿ ಕೂರುತ್ತಾರೋ ನನಗೇನು ಗೊತ್ತು?

ಆಮೇಲೆ ಅದೂ ಸಾಲದಾಯಿತು. ಮಾರ್ಕೆಟ್ಟಿಗೆ ಹೋದಾಗ ಸೀಟು ತಾವು ಒಯ್ದು, ಸೈಕಲ್ಲಿನ ಪಕ್ಕ ನನ್ನನ್ನು ಕಾವಲಿಗೆ ನಿಲ್ಲಿಸಿದರು. ಪೊಲೀಸನೊಬ್ಬ ಬಂದ. "ಬಾಯೀ, ಸೈಕಲ್ ಕೋಣಾಚಿ?" ಯಾರದೆಂದು ಹೇಳಲಿ? ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳಿ ಕಳಿಸಿದ್ದಳು. ಬಾಯಿ ಬಿಡಲಿಲ್ಲ. ಸೀಟಿಲ್ಲದ ಸೈಕಲ್ಲು, ಮಾತಿಲ್ಲದ ಹೆಂಗಸು! ಕಳ್ಳಿಯೆಂದೇ ತಿಳಿದು ಚೌಕಿಗೆ ನಡೆ ಎಂದ. ಅಷ್ಟರಲ್ಲಿ ಇವರು ಒಂದು ಕೈಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ಸೀಟು ಹಿಡಿದು ಓಡಿ ಬಂದರು.

"ನನ್ನ ಹೆಸರ ಹೇಳಾಕ ಏನಾಗಿತ್ತ ನಿನಗ?"

"ಜೇಲಿಗೆ ಬೇಕಾದ್ರ ಹೋಗ್ತೀನ್ರಿ, ಹೆಸರ ಮಾತ್ರ ಹೇಳಂಗಿಲ್ಲ."

ಇವರು ಮರಾಠಿಯಲ್ಲಿ ತಿಳಿಸಿ ಹೇಳಿದಾಗ ಪೊಲೀಸ ನಕ್ಕುಬಿಟ್ಟ. ಅವನ ಮನೆಯಲ್ಲೂ ಹೀಗೆಯೇ ಅಂತೆ!

ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ, ಅದೇ ಮಾರ್ಕೆಟ್ಟಿನ ಮುಂದೆ, ಸುಡು ಬಿಸಿಲು. ಇವರು ಬೀಗ, ಸರಪಳಿ ಎಲ್ಲ ತೆಗೆದು ಸೀಟು ಕೂಡಿಸಲು ಬಗ್ಗಿದ್ದರು. ನನಗೆ ಕಣ್ಣು ಕತ್ತಲೆ ಬಂತು. ಬೀಳುವಾಗ, ಶಿವನೇ, ಅವರ ಹೆಸರು ಹಿಡಿದು ಕೂಗಿಬಿಟ್ಟೆ!

ಎಚ್ಚರವಾದಾಗ ವಿಕ್ಟೋರಿಯಾ ಕುದುರೆಗಾಡಿಯಲ್ಲಿ ಮಲಗಿದ್ದೆ. ತಲೆಯ ಕೆಳಗೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು: ಸೀಟು.

"ಸೈಕಲ್ ಎಲ್ಲೈತ್ರಿ?"

"ಅಲ್ಲೇ."

"ಬೀಗ?"

"ಹಾಕಲಿಲ್ಲ."

ಮೂರ್ಛೆಗಿಂತ ದೊಡ್ಡ ಆಘಾತ ನನಗೆ ಆಗಲೇ ಆದದ್ದು! ದವಾಖಾನೆಯಲ್ಲಿ ಡಾಕ್ಟರು ತಾಯಿ-ಕೂಸು ಕ್ಷೇಮವೆಂದ ಮೇಲೆ ಇವರು ಹೋಗಿ ನೋಡಿ ಬಂದರು. ಸೈಕಲ್ಲಿರಲಿಲ್ಲ. ನಾನು ಅಳತೊಡಗಿದೆ.

"ಹೋಗ್ಲಿ ಬಿಡ, ಸೀಟ ಐತಲ್ಲ," ಎಂದರು. ಆಮೇಲೆ ಸುತ್ತ ಯಾರೂ ಇಲ್ಲದ್ದು ನೋಡಿ, ಮೆಲ್ಲಗೆ: "ಆಗ ಹೆಸರ ಹಿಡದ ಕರದ್ಯಲ್ಲ, ಇನ್ನೊಮ್ಮೆ ಕರಿ."

ಕರೆಯಲಿಲ್ಲ. ನಾಚಿಕೆ. ಅವರಿರುವ ತನಕ ಮತ್ತೆ ಒಮ್ಮೆಯೂ ಕರೆಯಲಿಲ್ಲ.

ಮಕ್ಕಳೇ, ಮಾಳಿಗೆಯ ಮೇಲಿನ ಆ ಹರಕು ಸೀಟನ್ನು ಗುಜರಿಯವನಿಗೆ ಹಾಕಬೇಡಿ. ಅದರ ಧೂಳು ಒರೆಸುವಾಗ ಈಗ ದಿನಕ್ಕೊಮ್ಮೆ ಕರೆಯುತ್ತೇನೆ.