ಬಟ್ಟೆ ಒಗೆಯುವ ವೀರಗಲ್ಲು

ಹಾಳು ಕೋಟೆ, ಪಾಳು ಗುಡಿ ನೋಡಲು ಊರೂರು ಅಲೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬೇಲೂರಿಗೆ ಬಂದು ಶಿಲಾಬಾಲಿಕೆಗೆ ಬೆನ್ನು ತಿರುಗಿಸಿ ತಮ್ಮ ಮುಖದ್ದೇ ಫೋಟೊ ತೆಗೆದುಕೊಳ್ಳುತ್ತಾರೆ. ಹಳೇಬೀಡಿನಲ್ಲಿ ಆನೆಗಳ ಸಾಲು ಎಣಿಸಲು ಹೊರಟು ಎಳನೀರಿನವನ ಹತ್ತಿರ ನಿಂತುಬಿಡುತ್ತಾರೆ. ನಾನು ಅರಸೀಕೆರೆಯಲ್ಲಿ ನಿವೃತ್ತಿಯಾಗುವವರೆಗೂ ಹೊಯ್ಸಳರ ಪಾಠ ಮಾಡಿದವನು. ಅದಕ್ಕಾಗಿ ಎಲ್ಲಿಗೂ ಹೋಗಬೇಕಾಗಿ ಬರಲಿಲ್ಲ. ಪುಸ್ತಕ ಇತ್ತು, ಬೆತ್ತ ಇತ್ತು.

ಹೀಗಿರುವಾಗ ಹೆಂಡತಿಯ ತಮ್ಮ ರುದ್ರೇಶ ಮೈಸೂರಿನಿಂದ ಬಂದ. ವಾರವೆಲ್ಲ ಔಷಧದ ಅಂಗಡಿ ನಡೆಸುತ್ತಾನೆ, ಭಾನುವಾರ ಬಂತೆಂದರೆ ಚರಿತ್ರೆಕಾರ. ನನ್ನನ್ನು ಹುಲಿಕೆರೆಗೆ ಎಳೆದುಕೊಂಡು ಹೋಗಿ, ಅಲ್ಲಿನ ಕೊಳಕ್ಕೆ ಇಳಿಯುತ್ತ ಮೆಟ್ಟಿಲು ಮೆಟ್ಟಿಲಿಗೂ ‘ಆಹಾ’ ಎಂದ. ಹತ್ತುವಾಗ ಏನನ್ನುತ್ತಾನೋ ಎಂದು ನಾನು ಮೇಲೆಯೇ ಕಾದೆ. ಅದು ಬೇರೆ ಶಬ್ದವೇ ಆಗಿತ್ತು. ಆಮೇಲೆ ಪಕ್ಕದ ಹಳ್ಳಿಯ ಗುಡ್ಡದ ಮೇಲೊಂದು ಕೋಟೆ. ಕೋಟೆ ಎಂದರೆ ಮೊಣಕಾಲೆತ್ತರದ ಗೋಡೆ, ಆಚೆಗೆ ನಾಲ್ಕಾರು ಮೇಕೆ. “ಏನು ಭದ್ರತೆ ನೋಡಿ ಭಾವ,” ಎಂದ. “ಹೌದು, ಮೇಕೆಯೂ ದಾಟಲಾರದು,” ಎನ್ನುವಷ್ಟರಲ್ಲಿ ಒಂದು ದಾಟಿತು.

ಗುಡ್ಡ ಇಳಿದು ಊರಿಗೆ ಬಂದರೆ ಚರಂಡಿ ಕೆಲಸ ನಡೆದಿತ್ತು. ನೀರಿನ ತೊಟ್ಟಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನು ಎತ್ತಲು ಜೆಸಿಬಿ ಬಂದು ನಿಂತಿತ್ತು. ಅದಕ್ಕೆ ಅಡ್ಡವಾಗಿ ಜಯಮ್ಮ ಎಂಬ ವಯಸ್ಸಾದ ಹೆಂಗಸು ನಿಂತಿದ್ದಳು. ಕೆಲಸ ಮಾಡಿಸುತ್ತಿದ್ದ ಶೇಖರ ನನ್ನ ಹಳೆಯ ವಿದ್ಯಾರ್ಥಿ.

“ಒಳ್ಳೆ ಟೈಮಿಗೆ ಬಂದ್ರಿ ಸಾರ್. ಇದ್ರ ಮೇಲೆ ಏನೋ ಗೊಂಬೆ ಐತೆ ಅಂತ ಈವಮ್ಮ ಬಿಡ್ತಿಲ್ಲ. ನೀವೇ ಹೇಳಿ, ಒಡ್ದು ಚರಂಡಿಗೆ ಹಾಕ್ಬೋದಾ?”

ರುದ್ರೇಶ ಬಾಯಿ ತೆರೆಯುವ ಮೊದಲೇ ನಾನು ತೀರ್ಪು ಕೊಟ್ಟೆ. “ಇದು ವೀರಗಲ್ಲು. ಯಾವನೋ ಸೈನಿಕ ಯುದ್ಧದಲ್ಲಿ ಸತ್ತಿದ್ದಾನೆ. ಇಂಥವು ಊರಿಗೆ ಹತ್ತು ಸಿಗ್ತವೆ.”

ಜೆಸಿಬಿಯ ಕೈ ಮೇಲೆದ್ದಿತು. ಜಯಮ್ಮ ಜರುಗಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಬುಡಕ್ಕೆ ಗಟ್ಟಿಯಾಗಿ ಹಿಡಿದಿದ್ದ ಸೋಪಿನ ಕಿಟ್ಟವನ್ನು ಉಗುರಿನಲ್ಲಿ ಕೆರೆದಳು.

“ವಸಿ ಬಗ್ಗಿ ನೋಡಿ ಮೇಷ್ಟ್ರೇ.”

ಬಗ್ಗಿದೆ. ಮೂರು ಹಸು, ಒಂದು ಕರು.

“ಊರ ದನ ಹೊಡ್ಕೊಂಡು ಹೋಗೋಕೆ ಕಳ್ರು ಬಂದಿದ್ರಂತೆ. ಇವನೊಬ್ಬನೇ ಅಡ್ಡ ನಿಂತು ಸತ್ತ, ದನ ವಾಪಸ್ ಬಂದ್ವು. ನಮ್ಮತ್ತೆ ಹೇಳಿದ್ದು. ನಾನು ಒಗಿಯೋದು ಕಲ್ಲಿನ ಅಂಚ್ನಾಗೆ, ಇವನ ಮೈಮ್ಯಾಲಲ್ಲ. ಯಾಕೆ, ನಿಮ್ಮ ಪುಸ್ತಕದಾಗೆ ಇದಿಲ್ವಾ?”

ಆಕೆ ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಲೆಂದೇ. ನನಗೆ ನಾಟಿದ್ದು ಅದೇ. ದನಗಳಿಗಾಗಿ ನಡೆದ ಕಾದಾಟಕ್ಕೆ ‘ತುರುಗೋಳ್’ ಎನ್ನುತ್ತಾರೆಂದು ಎಷ್ಟು ಮಕ್ಕಳಿಗೆ ಉರು ಹೊಡೆಸಿಲ್ಲ ನಾನು. ಕಣ್ಣೆದುರು ಹಸು ಬಂದಾಗ ಮಾತ್ರ ಗುರುತು ಸಿಗಲಿಲ್ಲ.

“ಶೇಖರ, ನಾನು ಹೇಳಿದ್ದು ತಪ್ಪು. ಚರಂಡಿ ಆಚೆ ತಿರುಗಿಸು.”

“ಕ್ಲಾಸಲ್ಲಿ ಈ ಮಾತು ಒಂದಿನವೂ ಕೇಳಿರಲಿಲ್ಲ ಸಾರ್,” ಎನ್ನುತ್ತ ಶೇಖರ ಸುಣ್ಣದ ಗೆರೆಯನ್ನು ಎರಡಡಿ ಆಚೆಗೆ ಹಾಕಿಸಿದ. ರುದ್ರೇಶ ಇದನ್ನೆಲ್ಲ ಅಕ್ಕನಿಗೆ ಹೇಳಲು ಉಳಿಸಿಕೊಂಡಿದ್ದಾನೆಂದು ಮನೆ ತಲುಪಿದ ಮೇಲೆ ಗೊತ್ತಾಯಿತು.

ಈಗ ಮನೆಗೆ ಯಾವ ನೆಂಟರು ಬಂದರೂ ನಾನೇ ಕಾರು ಹತ್ತಿಸಿಕೊಂಡು ಹೋಗಿ ಆ ಹಸುಗಳನ್ನು ತೋರಿಸುತ್ತೇನೆ. ನಾನೇ ಕಂಡುಹಿಡಿದದ್ದು ಎಂದು ಒಮ್ಮೆಯೂ ಹೇಳಿಲ್ಲ. ಅವರು ಹಾಗೆ ತಿಳಿದು ಹೊಗಳತೊಡಗಿದರೆ, ಜಯಮ್ಮ ಅಲ್ಲೆಲ್ಲೂ ಇಲ್ಲವೆಂದು ನೋಡಿಕೊಂಡು ಸುಮ್ಮನಿರುತ್ತೇನೆ.