ಒಂದು ಕಣ್ಣಿಗೆ ಹಗಲು, ಒಂದು ಕಣ್ಣಿಗೆ ಕತ್ತಲು

ಕಣ್ಣಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದು ನಾನು ನಂಬಿದ್ದ ದಿನಗಳವು. ಗದಗಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಕಾಲೇಜು ಹುಡುಗರ ಜೀವಶಾಸ್ತ್ರದ ಪುಸ್ತಕವೊಂದು ಬಂದಿತ್ತು. ಅದರ ಕಣ್ಣಿನ ಪಾಠವನ್ನು ಮೂರು ಸಲ ತಿದ್ದಿದೆ. ತಿದ್ದುತ್ತ ತಿದ್ದುತ್ತ ಮರುಳಾದೆ.

ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿವೆಯಂತೆ. ಒಂದೊಂದೂ ಎರಡು ಕೋಣೆಯ ಮನೆ ಇದ್ದ ಹಾಗೆ. 'ಬೆಳಕು ಬಂತು' ಎಂದು ಸುದ್ದಿ ಮುಟ್ಟಿಸುವ ಪ್ರೋಟೀನುಗಳು ಕತ್ತಲಲ್ಲಿ ಒಂದು ಕೋಣೆಯಲ್ಲಿ ಕಾದು ಕುಳಿತಿರುತ್ತವೆ. ಬಿಸಿಲು ಜೋರಾದರೆ ಅವು ಇನ್ನೊಂದು ಕೋಣೆಗೆ ಸರಿಯುತ್ತವೆ. 'ಸಾಕು, ಸುಮ್ಮನಿರು' ಎನ್ನುವ ಬೇರೆ ಪ್ರೋಟೀನುಗಳು ಆ ಜಾಗಕ್ಕೆ ಬರುತ್ತವೆ. ಮತ್ತೆ ಕತ್ತಲಾದರೆ ಅದಲುಬದಲು. ಆದರೆ ಅವಕ್ಕೆ ಅವಸರವೇ ಇಲ್ಲ. ಕೆಲವು ವಾಪಸು ಬರಲು ತಾಸುಗಟ್ಟಲೆ ಹಿಡಿಯುತ್ತದೆ. ಬಿಸಿಲಿನಿಂದ ಮನೆಯೊಳಗೆ ಹೊಕ್ಕಾಗ ಕಣ್ಣು ಕತ್ತಲಿಡುವುದರಲ್ಲಿ ಅವುಗಳ ಪಾಲೂ ಇದೆ. ನನ್ನೊಳಗೆ ಇಷ್ಟೊಂದು ಜನ ದಿನವೂ ಮನೆ ಬದಲಿಸುತ್ತಿದ್ದರೂ ನನಗೊಂದು ಮಾತೂ ಗೊತ್ತಿರಲಿಲ್ಲವಲ್ಲ ಎಂದು ಕರಡಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕುಳಿತಿದ್ದೆ.

ಕುಳಿತವನು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ನನ್ನ ಹೆಂಡತಿ ನೀಲಾಳ ಅಣ್ಣನ ಮಗಳು ರೇಣುಕಾ. ಅವಳಿಗೆ ಡಂಬಳದ ವರ ನೋಡಿದ್ದೆವು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಉಳಿದದ್ದು ನಾವು ಹೋಗಿ ವರನ ಮನೆ ನೋಡಿ ಬರುವುದು. ಹುಡುಗಿಯ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದರಿಂದ ಆ ಭಾರ ನಮ್ಮ ಮೇಲೆ ಬಿತ್ತು.

"ಸೊರಟೂರಾಗ ಮಾಡಿದ್ದು ನೆನಪೈತಿಲ್ಲೋ?" ಎಂದಳು ನೀಲಾ.

ಇತ್ತು. ರೇಣುಕಾಳಿಗೇ ಮೊದಲು ನೋಡಿದ್ದ ಸೊರಟೂರಿನ ವರನ ಮನೆಗೆ ಸುಡುಬಿಸಿಲಿನಿಂದ ಹೊಕ್ಕವನು, ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಹಿರಿಯರಿಗೆ ಮೊಣಕಾಲೂರಿ ನಮಸ್ಕಾರ ಮಾಡಿದ್ದೆ. ಅದು ಜೋಳದ ಚೀಲ. ಹಿರಿಯರು ಪಕ್ಕದಲ್ಲಿದ್ದರು. ಅವರ ಕೈ ನನ್ನ ಮೊಣಕಾಲ ಕೆಳಗಿತ್ತು. ಸಂಬಂಧ ಅಲ್ಲಿಗೇ ಮುರಿಯಿತು.

ಈ ಸಲ ರೇಣುಕಾಳೇ ಫೋನು ಮಾಡಿದ್ದಳು. "ಮಾಮಾ, ನೀವು ಏನೂ ಮಾಡಬ್ಯಾಡ್ರಿ. ಹೋಗಿ, ಕುಂತು, ಚಾ ಕುಡದು ಬರ್ರಿ. ನನಗ ಆ ಹುಡುಗ ಭಾಳ ಸೇರ್ಯಾನ."

ಪಾಪ, ಹುಡುಗಿಯ ದನಿ ನಡುಗುತ್ತಿತ್ತು. ಇಂಥ ಹುಡುಗಿಗಾಗಿ ನಾನು ವಿಜ್ಞಾನವನ್ನು ಬಳಸದೆ ಇರುವುದು ಹೇಗೆ? ಬೆಳಿಗ್ಗೆ ಸ್ನಾನವಾದ ಕೂಡಲೇ ಎಡಗಣ್ಣಿಗೆ ಕರಿ ಅರಿವೆ ಕಟ್ಟಿದೆ. ಬಲಗಣ್ಣು ದಾರಿ ನೋಡಲು, ಎಡಗಣ್ಣು ಡಂಬಳದ ಕತ್ತಲ ಕೋಣೆಗೆ ಮೀಸಲು.

"ಏನ್ರಿ ಈ ಅವತಾರ?" ಎಂದಳು ನೀಲಾ.

"ತಯಾರಿ," ಎಂದೆ.

ಬಸ್ಸಿನಲ್ಲಿ ಪಕ್ಕದವರು ನನ್ನನ್ನು ನೋಡಿ, "ಕಣ್ಣ ಬಂದಾವೇನ್ರಿ?" ಎಂದವರೇ ಎದ್ದು ಹಿಂದಕ್ಕೆ ಹೋದರು. ಅವರನ್ನು ನೋಡಿ ಮುಂದಿನವರೂ ಎದ್ದರು. ತುಂಬಿದ ಬಸ್ಸಿನಲ್ಲಿ ನನಗೊಬ್ಬನಿಗೇ ಎರಡು ಸೀಟು. ನೀಲಾ ಕೂಡ ದೂರ ಕುಳಿತಳು, ನಾಚಿಕೆಗೆ.

ಒಂದು ಕಣ್ಣಿನಲ್ಲಿ ಎರೆಹೊಲ, ಸೂರ್ಯಕಾಂತಿ, ಬಿಸಿಲು. ಇನ್ನೊಂದು ಕಣ್ಣಿನಲ್ಲಿ ತಣ್ಣನೆಯ ಸಂಜೆ. ಆ ಸಂಜೆಯಲ್ಲಿ ನನ್ನ ಪ್ರೋಟೀನುಗಳು ಒಂದೊಂದಾಗಿ ಮನೆಗೆ ಮರಳುತ್ತಿದ್ದವು. ಕಾಲು ಎಳೆಯುತ್ತ, ಮಾತಾಡುತ್ತ, "ಬರ್ರಿ, ಕುಂಡ್ರಿ" ಎಂದು ಒಂದನ್ನೊಂದು ಕರೆಯುತ್ತ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಅಷ್ಟು ನೆಮ್ಮದಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಹಾಗೇ ಜೊಂಪು ಹತ್ತಿತು. ಡಂಬಳದ ಕೆರೆ ಯಾವಾಗ ಬಂತೋ ತಿಳಿಯಲಿಲ್ಲ, ನೀಲಾ ಬಂದು ಭುಜ ತಿವಿದಳು.

ವರನ ಮನೆಯ ಬಾಗಿಲಲ್ಲಿ ರಿವಾಜಿನಂತೆ ಕಾಲಿಗೆ ನೀರು ಇಟ್ಟಿದ್ದರು, ಫಳಫಳ ತಿಕ್ಕಿದ ತಂಬಿಗೆಯಲ್ಲಿ. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ ಎಂಬ ವಿಷಯ ಪುಸ್ತಕದ ಮುಂದಿನ ಪಾಠದಲ್ಲಿತ್ತು. ಅದರ ಕರಡು ಇನ್ನೂ ನನ್ನ ಕೈಗೆ ಬಂದಿರಲಿಲ್ಲ. ಅಂದಾಜು ತಪ್ಪಿ ತಂಬಿಗೆಯನ್ನು ಒದ್ದೆ. ಅದು ಉರುಳುತ್ತ ಅಂಗಳಕ್ಕೆ ಹೋಯಿತು. ನಾನು ಕಾಲು ತೊಳೆಯದೆ, ಗಾಬರಿಯಲ್ಲಿ ಒಳಗೆ ಹೋದೆ.

ಒಳಗೆ ಹೋಗಿ ಅರಿವೆ ಬಿಚ್ಚಿದೆ. ಆಹಾ! ಕತ್ತಲಲ್ಲಿ ಎಲ್ಲವೂ ಕಂಡಿತು. ಅಟ್ಟದ ಮೇಲೆ ಮಲಗಿದ ಬೆಕ್ಕು, ಸಾಲಾಗಿಟ್ಟ ಕೊಡಗಳು, ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ವರನ ಅಜ್ಜಿ, ಅಂದರೆ ಆಯಿ. ಬಲಗಣ್ಣು ಮಾತ್ರ ಮಂಜುಮಂಜಾಗಿ ಅಡ್ಡ ಬರುತ್ತಿತ್ತು. ಅದನ್ನು ಗಟ್ಟಿಯಾಗಿ ಮುಚ್ಚಿ, ನೆಟ್ಟಗೆ ನಡೆದು, ಸರಿಯಾದ ಕಾಲಿಗೇ ನಮಸ್ಕಾರ ಮಾಡಿದೆ.

ಆಯಿ ನನ್ನನ್ನೇ ನೋಡಿದರು. "ಹೊರಗ ಎಡಗಣ್ಣ ಇರಲಿಲ್ಲ, ಒಳಗ ಬಲಗಣ್ಣ ಇಲ್ಲ. ಏನ್ ತಮ್ಮಾ ಇದು?"

ನಾನು ಕಾದದ್ದೇ ಈ ಪ್ರಶ್ನೆಗೆ. "ಕಣ್ಣಾಗ ಪ್ರೋಟೀನು ಓಡ್ಯಾಡ್ತಾವ್ರಿ ಆಯಿ. ಬಿಸಿಲಾಗ ಹಿಂದ ಹೋಗ್ತಾವ, ಕತ್ತಲಾಗ ಮುಂದ ಬರ್ತಾವ."

ಆಯಿ ಜಗಿಯುವುದನ್ನು ನಿಲ್ಲಿಸಿದರು. "ಓಡ್ಯಾಡ್ತಾವ? ಯಾವಾಗಿಂದ?"

"ಹುಟ್ಟಿದಾಗಿಂದರಿ."

"ಹುಡುಗಿಗೂ?"

"ಆಕಿಗೂ ಓಡ್ಯಾಡ್ತಾವ್ರಿ," ಎಂದೆ ಅಭಿಮಾನದಿಂದ. "ನಿಮ್ಮ ಕಣ್ಣಾಗೂ."

"ನಮ್ಮ ಮನಿತನದಾಗ ಯಾರ ಕಣ್ಣಾಗೂ ಏನೂ ಓಡ್ಯಾಡೂದಿಲ್ಲ," ಎಂದರು ಆಯಿ. ಒಳಗೆ ಚಹಾ ಸೋಸುತ್ತಿದ್ದ ಸದ್ದೂ ನಿಂತಿತು. ರೇಣುಕಾಳ ನಡುಗುವ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು.

ಇನ್ನೂ ಕತ್ತಲಲ್ಲಿ ಗೋಡೆ ತಡವುತ್ತ ಬರುತ್ತಿದ್ದ ನೀಲಾ ಅಲ್ಲಿಂದಲೇ ಹೇಳಿದಳು: "ಆಯಿ, ಇವರ ಮಾತು ಹಿಡೀಬ್ಯಾಡ್ರಿ. ಹುಡುಗಿ ನಮ್ಮಣ್ಣನ ಮಗಳು. ಇವರು ಹೊರಗಿನವರು. ಆಕಿ ಮೈಯಾಗ ಇವರ ರಕ್ತ ಒಂದು ಹನಿ ಇಲ್ರಿ."

ಆಯಿ ದೊಡ್ಡ ಉಸಿರು ಬಿಟ್ಟರು. "ಹಂಗಾರ ಚಿಂತಿಲ್ಲ ಬಿಡವಾ." ಚಹಾ ಬಂತು. ಸಂಬಂಧ ಕುದುರಿತೆಂದು ಸಕ್ಕರೆ ಹಂಚಿದರು. ಆಮೇಲೆ ನನ್ನನ್ನು ಕಾಲು ತೊಳೆಯಲು ಬಾಗಿಲಿಗೆ ಕಳಿಸಿದರು. "ಕಾಲಿಗೆ ನೀರು ಸುಮ್ನ ಕೊಡ್ತೀವೇನೋ ತಮ್ಮಾ? ಹೊಸ್ತಿಲ ನೆರಳಾಗ ಸಾವಕಾಶ ನಿಂತು ಕಾಲ ತೊಕ್ಕೊಂಡ್ರ, ಒಳಗ ಬರೂದ್ರಾಗ ಕಣ್ಣ ತಾವ ತಿಳಿ ಆಗ್ತಾವ. ಅರಿವಿ ಯಾಕ ಬೇಕು?"

ಮೂರು ಸಲ ಕರಡು ತಿದ್ದಿದವನು ತಲೆ ತಗ್ಗಿಸಿ ಕಾಲು ತೊಳೆದ.

ರೇಣುಕಾ ಈಗ ಡಂಬಳದಲ್ಲಿ ಸುಖವಾಗಿದ್ದಾಳೆ. ಆ ಸಂಬಂಧ ಕೂಡಿಸಿದವರು ಯಾರು ಎಂದು ಕೇಳಿದರೆ ನಾನು ಸಂಕೋಚವಿಲ್ಲದೆ ನನ್ನ ಹೆಸರನ್ನೂ ಹೇಳುತ್ತೇನೆ. ನಾನು ಅವಳಿಗೆ ರಕ್ತದಿಂದ ಏನೂ ಆಗಬೇಕಾಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ಒಪ್ಪಿದ್ದು.